ಲಾಭದಲ್ಲಿರುವ ಕಂಪನಿಯೂ ಕೆಲಸದಿಂದ ತೆಗೆಯುವುದೇಕೆ?

2023ರ ಜನವರಿ 20ರಂದು ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 12,000 ಮಂದಿಯನ್ನು ತೆಗೆಯುವುದಾಗಿ ಪ್ರಕಟಿಸಿತು. ಬೆಳಿಗ್ಗೆ ಲಾಗಿನ್ ಆಗದೇ ಹೋದಾಗಲೇ ಎಷ್ಟೋ ಜನರಿಗೆ ವಿಷಯ ಗೊತ್ತಾದದ್ದು. ಹಿಂದಿನ ವರ್ಷ ಆ ಕಂಪನಿ ಗಳಿಸಿದ್ದ ನಿವ್ವಳ ಲಾಭ ಸುಮಾರು 6,000 ಕೋಟಿ ಡಾಲರ್.

ಇದಕ್ಕೆ 30 ವರ್ಷ ಹಿಂದೆ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿ ನಡೆದದ್ದೇ ಬೇರೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲೂ ಕಾರ್ಖಾನೆ ಮುಚ್ಚದೆ ನಡೆಸಿದ ಕಂಪನಿ ಅದು. ಒಮ್ಮೆ ಸೇರಿದರೆ ನಿವೃತ್ತಿಯವರೆಗೂ ಕೆಲಸ ಖಾಯಂ ಎಂದು ನೌಕರರು ನಂಬಿದ್ದರು. ಮೇನ್‌ಫ್ರೇಮ್ ಎಂಬ, ದೊಡ್ಡ ಸಂಸ್ಥೆಗಳು ಬಳಸುವ ಭಾರೀ ಕಂಪ್ಯೂಟರುಗಳ ವ್ಯಾಪಾರ ಕುಸಿದು 1993ರಲ್ಲಿ 800 ಕೋಟಿ ಡಾಲರ್ ನಷ್ಟವಾದಾಗ ಆ ನಂಬಿಕೆ ಮುರಿಯಿತು. ಸುಮಾರು 60,000 ಜನ ಕೆಲಸ ಕಳೆದುಕೊಂಡರು. 2000ದಲ್ಲಿ ಡಾಟ್‌ಕಾಂ ಗುಳ್ಳೆ ಒಡೆದಾಗಲೂ, ಅಂದರೆ ವಿಪರೀತ ಏರಿದ್ದ ಇಂಟರ್ನೆಟ್ ಕಂಪನಿಗಳ ಷೇರು ಕುಸಿದಾಗಲೂ ಅಷ್ಟೇ, ಹಣ ಖಾಲಿಯಾಗಿತ್ತು, ಕೆಲಸವೂ ಹೋಯಿತು. ನೋವಿನ ಸಂಗತಿಯೇ, ಆದರೆ ಕಾರಣ ಯಾರಿಗೂ ಅರ್ಥವಾಗುವಂಥದ್ದು.

2022-23ರ ಕಡಿತ ಹಾಗಲ್ಲ. ಕೋವಿಡ್ ಕಾಲದಲ್ಲಿ ಜಗತ್ತೆಲ್ಲ ಪರದೆಯ ಮುಂದೆ ಕೂತಿತ್ತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿದರವನ್ನು ಸೊನ್ನೆಯ ಹತ್ತಿರ ಇಟ್ಟಿತ್ತು. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಏನೂ ಹುಟ್ಟದಿರುವಾಗ ಹೂಡಿಕೆದಾರರು ಹತ್ತು ವರ್ಷದಾಚೆಯ ಲಾಭಕ್ಕೂ ಕಾಯುತ್ತಾರೆ. ಕಂಪನಿ ಬೆಳೆದರೆ ಸಾಕು ಎನ್ನುತ್ತಾರೆ. ಹಾಗಾಗಿ ಕಂಪನಿಗಳು ಕಂಡಕಂಡವರನ್ನೆಲ್ಲ ಸೇರಿಸಿಕೊಂಡವು. 2019ರ ಕೊನೆಗೆ ಸುಮಾರು 45,000 ಇದ್ದ, ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ನೌಕರರು ಮೂರು ವರ್ಷದೊಳಗೆ 87,000 ದಾಟಿದರು. 2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿ, ಮರುವರ್ಷ ಜುಲೈಗೆ ಶೇ 5.25 ಮುಟ್ಟಿ ದಾಟಿತು. ಅದೇ ಹೂಡಿಕೆದಾರರು ಈಗ ಈ ತ್ರೈಮಾಸಿಕದ ಲಾಭ ತೋರಿಸಿ ಎಂದರು.

ಸಾಫ್ಟ್‌ವೇರ್ ಕಂಪನಿಗೆ ಕಬ್ಬಿಣ, ಹತ್ತಿಯಂಥ ಕಚ್ಚಾವಸ್ತುವಿನ ಖರ್ಚಿಲ್ಲ. ದೊಡ್ಡ ಬಾಬತ್ತೆಂದರೆ ಸಂಬಳ. ಬೇಗ ಇಳಿಸಬಹುದಾದದ್ದೂ ಅದೇ. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು ತೆಗೆಯಿತು. ಮರುವರ್ಷ ಫೆಬ್ರುವರಿಯಲ್ಲಿ ಖರ್ಚು ಇನ್ನೂ ತಗ್ಗಿಸುತ್ತೇವೆ, 4,000 ಕೋಟಿ ಡಾಲರ್ ಮೊತ್ತದ ನಮ್ಮದೇ ಷೇರುಗಳನ್ನು ಹೂಡಿಕೆದಾರರಿಂದ ಮರುಖರೀದಿಸುತ್ತೇವೆ ಎಂದಾಗ ಅದರ ಷೇರು ಒಂದೇ ದಿನ ಶೇ 23ರಷ್ಟು ಜಿಗಿಯಿತು. ಮಾರ್ಚ್‌ನಲ್ಲಿ ಮತ್ತೆ 10,000 ಜನ ಹೋಗಬೇಕೆಂದು ಪ್ರಕಟಣೆ ಬಂತು. ಷೇರುಪೇಟೆ ಕೊಟ್ಟ ಈ ಬಹುಮಾನವನ್ನು ಉಳಿದ ಕಂಪನಿಗಳೂ ನೋಡುತ್ತಿದ್ದವು.

ಲೆಕ್ಕ ತಪ್ಪಿದ್ದು ತನ್ನಿಂದಲೇ ಎಂದು ಮೆಟಾ ಮುಖ್ಯಸ್ಥ ಮಾರ್ಕ್ ಝುಕರ್‌ಬರ್ಗ್ ಪತ್ರ ಬರೆದು ಒಪ್ಪಿಕೊಂಡರು. ಅವರ ಹುದ್ದೆಗೆ ಏನೂ ಆಗಲಿಲ್ಲ. ವಿದೇಶಿಯರಿಗೆ ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾದಲ್ಲಿದ್ದ ನೌಕರನಿಗೆ ಮಾತ್ರ ಬೇರೆ ಕೆಲಸ ಹುಡುಕಲು 60 ದಿನ. ಸಿಗದಿದ್ದರೆ ಸಾಮಾನ್ಯವಾಗಿ ಮಕ್ಕಳ ಶಾಲೆ ಬಿಡಿಸಿ ದೇಶ ಬಿಡಬೇಕು. ಇದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಈಗ ಕಡಿತಕ್ಕೆ ಕಾರಣವೆಂದು ಕೃತಕ ಬುದ್ಧಿಮತ್ತೆಯ ಹೆಸರು ಕೇಳುತ್ತಿದೆ. ಯಂತ್ರ ಮನುಷ್ಯರ ಕೆಲಸ ಮಾಡುತ್ತಿರುವುದು ಎಷ್ಟು ನಿಜವೋ, ಆ ಯಂತ್ರಕ್ಕೆ ಹಣ ಹೊಂದಿಸಬೇಕಾಗಿರುವುದೂ ಅಷ್ಟೇ ನಿಜ. 2025ರ ಜೂನ್‌ಗೆ ಮುಗಿದ ಹಣಕಾಸು ವರ್ಷದಲ್ಲಿ, ಆ ಯಂತ್ರಗಳನ್ನು ನಡೆಸುವ ಕಂಪ್ಯೂಟರುಗಳ ಕೇಂದ್ರಗಳಾದ ಡೇಟಾ ಸೆಂಟರ್‌ಗಳಿಗೆ ಸುಮಾರು 8,000 ಕೋಟಿ ಡಾಲರ್ ಹಾಕುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. 2025ರ ಮೇ ತಿಂಗಳಲ್ಲಿ ಅಲ್ಲೇ ಸುಮಾರು 6,000, ಜುಲೈನಲ್ಲಿ ಸುಮಾರು 9,000 ಜನರ ಕೆಲಸಕ್ಕೆ ಕತ್ತರಿ ಬಿತ್ತು.