ಟ್ರೌಟ್ ಹಿಡಿಯಲು ಯಾವ ಗಾಳ: ಸ್ಪಿನ್ನಿಂಗೋ, ಫ್ಲೈಯೋ?

ಪ್ರಶ್ನೆ: ಟ್ರೌಟ್ ಮೀನು ಹಿಡಿಯುವುದನ್ನು ಹೊಸದಾಗಿ ಕಲಿಯಬೇಕೆಂದಿದ್ದೇನೆ. ಕೆಲವರು ಫ್ಲೈ ಗಾಳವೇ ಸರಿ ಎನ್ನುತ್ತಾರೆ, ಇನ್ನು ಕೆಲವರು ಹಗುರವಾದ ಸ್ಪಿನ್ನಿಂಗ್ ಕೋಲು ಸಾಕು ಎನ್ನುತ್ತಾರೆ. ಮೊದಲು ಯಾವುದನ್ನು ಕೊಳ್ಳಬೇಕು?

ಉತ್ತರ: ಕೋಲನ್ನು ಕೊನೆಯಲ್ಲಿ ಆರಿಸಿ. ನೀವು ಗಾಳ ಹಾಕಲಿರುವ ನೀರು ಎಂಥದ್ದು, ಅಲ್ಲಿ ಮೀನು ಏನನ್ನು ಯಾವ ಆಳದಲ್ಲಿ ತಿನ್ನುತ್ತಿದೆ ಎಂಬುದು ಮೊದಲು ತಿಳಿಯಬೇಕು. ಅದು ತಿಳಿದರೆ ಕೊಕ್ಕೆಗೆ ಏನು ಕಟ್ಟಬೇಕೆಂಬುದು ತೀರ್ಮಾನವಾಗುತ್ತದೆ, ಅದರಿಂದ ದಾರವೂ ದಾರದಿಂದ ಕೋಲೂ ತಾವಾಗಿ ನಿರ್ಧಾರವಾಗುತ್ತವೆ. ಅಂಗಡಿಯಲ್ಲಿ ಕೋಲಿನಿಂದ ಆರಂಭಿಸಿದವರು ಬಹುಮಟ್ಟಿಗೆ ತಮ್ಮ ನೀರಿಗೆ ಹೊಂದದ ಸಾಮಗ್ರಿಯನ್ನು ಹೊತ್ತು ತರುತ್ತಾರೆ.

ಹರಿಯುವ ತೊರೆಯಲ್ಲಿ ಟ್ರೌಟ್ ಸೆಳವಿಗೆ ಎದುರಾಗಿ ತಲೆಯಿಟ್ಟು ನಿಲ್ಲುತ್ತದೆ. ಬಂಡೆಯ ಮರೆ, ಕೊರೆದ ದಂಡೆಯ ಅಡಿ, ರಭಸದ ನೀರೂ ನಿಧಾನದ ನೀರೂ ಕೂಡುವ ಅಂಚು ಇವು ಅದರ ನೆಲೆಗಳು, ಏಕೆಂದರೆ ಅಲ್ಲಿ ಹೆಚ್ಚು ಈಜದೆ ನಿಂತು, ಪಕ್ಕದಲ್ಲಿ ತೇಲಿಬರುವ ಆಹಾರವನ್ನು ಹಿಡಿಯಬಹುದು. ಆ ಆಹಾರದ ಬಹುಪಾಲು ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ ಮೊದಲಾದ ಕೀಟಗಳ ಮರಿಗಳು. ಹೆಚ್ಚಿನ ಸಮಯ ಅದು ಉಣ್ಣುವುದು ನೀರಿನ ಒಳಗೇ ಹೊರತು ಮೇಲ್ಮೈಯಲ್ಲಲ್ಲ. ಬೆಳೆದ ಬ್ರೌನ್ ಟ್ರೌಟ್ ಸಣ್ಣ ಮೀನುಗಳನ್ನೂ ಬೇಟೆಯಾಡುತ್ತದೆ. ಕೆರೆ ಸರೋವರಗಳಲ್ಲಿ ಸೆಳವು ಆಹಾರವನ್ನು ತಂದುಕೊಡದ ಕಾರಣ ಮೀನೇ ಸುತ್ತಾಡುತ್ತದೆ. ಅಲ್ಲಿ ನೀವು ಹುಡುಕಬೇಕಾದದ್ದು ಸರಿಯಾದ ಆಳವನ್ನು.

ಈಗ ಎರಡು ವಿಧಾನಗಳ ನಡುವಿನ ಮೂಲ ವ್ಯತ್ಯಾಸಕ್ಕೆ ಬರೋಣ. ಸ್ಪಿನ್ನಿಂಗ್‌ನಲ್ಲಿ ತುದಿಯ ಲೋಹದ ತೂಕವೇ ತೆಳ್ಳನೆಯ ದಾರವನ್ನು ಎಳೆದುಕೊಂಡು ಹಾರುತ್ತದೆ. ಫ್ಲೈ ಎಂಬುದು ಕೊಕ್ಕೆಗೆ ಗರಿ, ರೋಮಗಳನ್ನು ಸುತ್ತಿದ ಕೃತಕ ಕೀಟ; ಅದಕ್ಕೆ ಎಸೆಯುವಷ್ಟು ತೂಕವಿಲ್ಲ, ಆದ್ದರಿಂದ ಅಲ್ಲಿ ದಾರಕ್ಕೇ ತೂಕವಿರುತ್ತದೆ. 5ನೇ ಸಂಖ್ಯೆಯ ಫ್ಲೈ ದಾರದ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗುತ್ತದೆ, ಕೋಲಿನ ಮೇಲಿರುವ 5 ಎಂಬ ಅಂಕಿ ಆ ದಾರವನ್ನೇ ಸೂಚಿಸುತ್ತದೆ. ಹೀಗಾಗಿ ಏಳು ಗ್ರಾಂ ತೂಕದ ಸ್ಪೂನನ್ನು (ಕೊಕ್ಕೆ ಕಟ್ಟಿದ ಚಮಚದಾಕಾರದ ಲೋಹದ ತುಂಡು) ಫ್ಲೈ ಕೋಲಿನಿಂದಲೂ, ಅಕ್ಕಿಕಾಳಿನಷ್ಟು ಸಣ್ಣ ಫ್ಲೈಯನ್ನು ಬರಿಯ ಸ್ಪಿನ್ನಿಂಗ್ ದಾರದಿಂದಲೂ ನೆಟ್ಟಗೆ ಎಸೆಯಲಾಗುವುದಿಲ್ಲ. ನಿಮ್ಮ ಮೀನು ಸಣ್ಣ ಕೀಟಗಳನ್ನೇ ಆಯ್ದು ತಿನ್ನುವ ತಿಳಿನೀರಿನ ತೊರೆಯಲ್ಲಿದ್ದರೆ ನೇರವಾಗಿ ಫ್ಲೈ ಕಲಿಯಿರಿ. ಅಗಲವಾದ ನದಿ, ಆಳವಾದ ಸರೋವರ, ಗಾಳಿ ಬೀಸುವ ದಂಡೆ ಇದ್ದರೆ ಸ್ಪಿನ್ನಿಂಗ್ ಕೊಳ್ಳಿ. ಎರಡೂ ಬಗೆಯ ನೀರು ಕೈಗೆಟಕುವಂತಿದ್ದರೆ ಸ್ಪಿನ್ನಿಂಗ್‌ನಿಂದ ಆರಂಭಿಸುವುದೇ ಉತ್ತಮವೆಂದು ನನ್ನ ಅಭಿಪ್ರಾಯ, ಏಕೆಂದರೆ ಎಸೆತ ಬೇಗ ಕೈಗೆ ಹತ್ತುತ್ತದೆ, ಉಳಿದ ಗಮನವನ್ನೆಲ್ಲ ನೀರನ್ನು ಓದುವುದಕ್ಕೆ ಕೊಡಬಹುದು.

ಸ್ಪಿನ್ನಿಂಗ್‌ಗೆ 1.8ರಿಂದ 2.1 ಮೀಟರ್ ಉದ್ದದ, 2ರಿಂದ 7 ಗ್ರಾಂ ಎಸೆಯಬಲ್ಲ ಹಗುರ ಕೋಲು, ಸಣ್ಣ ರೀಲು, 4ರಿಂದ 6 ಪೌಂಡ್ ಬಲದ ನೈಲಾನ್ ದಾರ ಸಾಕು. ದಪ್ಪ ದಾರ ಹಗುರ ಸ್ಪಿನ್ನರನ್ನು (ಎಳೆದಾಗ ಗಿರಗಿರ ತಿರುಗುವ ಲೋಹದ ಎಲೆಯುಳ್ಳ ಕೊಕ್ಕೆ) ದೂರ ಹೋಗಗೊಡುವುದಿಲ್ಲ, ತಿಳಿನೀರಿನಲ್ಲಿ ಮೀನಿಗೂ ಕಾಣುತ್ತದೆ. ತೊರೆಯಲ್ಲಿ 0ರಿಂದ 2ನೇ ಅಳತೆಯ ಸ್ಪಿನ್ನರನ್ನು ಸೆಳವಿನ ಮೇಲಕ್ಕೆ ಓರೆಯಾಗಿ ಎಸೆದು, ಅದರ ಎಲೆ ತಿರುಗುವಷ್ಟೇ ವೇಗದಲ್ಲಿ, ಅಂದರೆ ಸೆಳವಿಗಿಂತ ತುಸು ಬೇಗ ಸುತ್ತಿಕೊಳ್ಳಬೇಕು. ಸರೋವರದಲ್ಲಿ ಸ್ಪೂನು ನೀರಿಗೆ ಬಿದ್ದ ಮೇಲೆ ಮನಸ್ಸಿನಲ್ಲಿ ಎಣಿಸುತ್ತಾ ಮುಳುಗಲು ಬಿಡಿ. ಮೀನು ಕಚ್ಚಿದ ಎಣಿಕೆಯನ್ನು ನೆನಪಿಟ್ಟುಕೊಂಡರೆ ಅದೇ ಆಳಕ್ಕೆ ಮತ್ತೆ ತಲುಪಬಹುದು. ಮೀನು ಎಳೆದಾಗ ದಾರವನ್ನು ಬಿಟ್ಟುಕೊಡುವ ರೀಲಿನ ಬಿಗಿತ ದಾರದ ಬಲದ ಕಾಲುಭಾಗದಷ್ಟಿರಲಿ.

ಫ್ಲೈಗೆ 9 ಅಡಿ ಉದ್ದದ 5ನೇ ಸಂಖ್ಯೆಯ ಕೋಲು ಮತ್ತು ತೇಲುವ ದಾರ ಹೆಚ್ಚಿನ ನೀರುಗಳಿಗೆ ಹೊಂದುತ್ತವೆ. ಗಿಡಮರ ಬಾಗಿರುವ ಕಿರುತೊರೆಗೆ ಮಾತ್ರ ಏಳೇಳೂವರೆ ಅಡಿಯ 3ನೇ ಸಂಖ್ಯೆಯ ಕೋಲು ಮೇಲು. ಹಣವನ್ನು ರೀಲಿಗಿಂತ ಒಳ್ಳೆಯ ದಾರಕ್ಕೆ ಹಾಕಿ. ದಾರದ ತುದಿಗೆ ಲೀಡರ್ ಎಂಬ ಸುಮಾರು 9 ಅಡಿಯ, ತುದಿಯತ್ತ ತೆಳುವಾಗುವ ಎಳೆ, ಅದರ ಕೊನೆಗೆ ಟಿಪ್ಪೆಟ್ ಎಂಬ ಸೂಕ್ಷ್ಮ ಎಳೆ ಬರುತ್ತದೆ. ಟಿಪ್ಪೆಟ್ಟಿನ ಎಕ್ಸ್ ಅಂಕಿ ಹೆಚ್ಚಿದಂತೆ ಅದು ತೆಳುವಾಗುತ್ತದೆ. 5 ಎಕ್ಸ್ ಅಂದರೆ ಸುಮಾರು 0.15 ಮಿಲಿಮೀಟರ್. ಫ್ಲೈ ಕೊಕ್ಕೆಯ ಅಳತೆಯನ್ನು (ಅಂಕಿ ಹೆಚ್ಚಿದಂತೆ ಕೊಕ್ಕೆ ಸಣ್ಣದು) ಮೂರರಿಂದ ಭಾಗಿಸಿದರೆ ಅದಕ್ಕೆ ಬೇಕಾದ ಎಕ್ಸ್ ಅಂಕಿ ಹೆಚ್ಚುಕಡಿಮೆ ಸಿಗುತ್ತದೆ: 12ನೇ ಅಳತೆಗೆ 4 ಎಕ್ಸ್, 16ಕ್ಕೆ 5 ಎಕ್ಸ್.

ಹೊಸಬರು ಮೀನು ಕಚ್ಚದಾಗ ಫ್ಲೈಯನ್ನು ಬದಲಿಸುತ್ತಲೇ ಇರುತ್ತಾರೆ, ಆದರೆ ತಪ್ಪಿರುವುದು ಬಹುತೇಕ ಅದು ತೇಲುವ ರೀತಿಯಲ್ಲಿ. ನಿಮ್ಮ ಮತ್ತು ಫ್ಲೈಯ ನಡುವೆ ನೀರಿನ ಹಲವು ಪಟ್ಟಿಗಳು ಬೇರೆಬೇರೆ ವೇಗದಲ್ಲಿ ಹರಿಯುತ್ತವೆ. ನಡುವಿನ ವೇಗದ ನೀರು ದಾರವನ್ನು ಬಿಲ್ಲಾಗಿ ಬಾಗಿಸಿದೊಡನೆ ಫ್ಲೈ ಸೆಳವಿಗೆ ಅಡ್ಡಲಾಗಿ ಜಾರುತ್ತದೆ. ತಾನಾಗಿ ತೇಲುವ ಕೀಟ ಹಾಗೆ ಎಂದೂ ಜಾರುವುದಿಲ್ಲವಾದ್ದರಿಂದ ಮೀನು ಅದನ್ನು ಮುಟ್ಟುವುದಿಲ್ಲ. ಇದಕ್ಕೆ ಪರಿಹಾರ, ಫ್ಲೈ ಬಿದ್ದೊಡನೆ ಕೋಲಿನ ತುದಿಯಿಂದ ದಾರದ ಹೊಟ್ಟೆಯನ್ನು ಎತ್ತಿ ಸೆಳವಿನ ಮೇಲಕ್ಕೆ ಮಡಚಿಹಾಕುವುದು, ಅದಕ್ಕಿಂತಲೂ ಒಳ್ಳೆಯದು ಮೀನಿನ ಹಿಂದಿನಿಂದ ತಗ್ಗಾಗಿ ಹತ್ತಿರ ಸರಿದು ಕಡಿಮೆ ದಾರವನ್ನು ನೀರಿನ ಮೇಲಿಡುವುದು. ಮೇಲ್ಮೈಯಲ್ಲಿ ಉಂಗುರಗಳೆದ್ದು ಮೀನು ಉಣ್ಣುವುದು ಕಂಡರೆ ನೀರಿನ ಮೇಲೆ ತೇಲುವ ಡ್ರೈ ಫ್ಲೈ ಕಟ್ಟಿ. ಏನೂ ಕಾಣದಿದ್ದರೆ ತೂಕದ ನಿಂಫನ್ನು (ಕೀಟದ ಮರಿಯನ್ನು ಹೋಲುವ, ಮುಳುಗುವ ಫ್ಲೈ) ತಳದ ಬಳಿ ತೇಲಿಬಿಡಿ, ಲೀಡರಿನ ಮೇಲೆ ನಿಂಫಿನಿಂದ ನೀರಿನ ಆಳದ ಒಂದೂವರೆ ಪಟ್ಟು ದೂರದಲ್ಲಿ ಒಂದು ಪುಟ್ಟ ಬೆಂಡು ಕಟ್ಟಿದರೆ ಕಚ್ಚಿದ್ದು ತಿಳಿಯುತ್ತದೆ. ನಿಂಫು ಆಗಾಗ ತಳದ ಕಲ್ಲಿಗೆ ತಗುಲದಿದ್ದರೆ ಅದು ಸಾಕಷ್ಟು ಆಳಕ್ಕೆ ಇಳಿದಿಲ್ಲ.

ಎರೆಹುಳುವಿನ ವಿಷಯ ಕೇಳುವವರೂ ಇದ್ದಾರೆ. ಅದು ಮೀನನ್ನು ಹಿಡಿಯುತ್ತದೆ ನಿಜ, ಆದರೆ ಮೀನು ಎರೆಯನ್ನು ಗಂಟಲಿನವರೆಗೆ ನುಂಗುವುದರಿಂದ, ಹಾಗೆ ಹಿಡಿದು ಬಿಟ್ಟ ಮೀನುಗಳು ಫ್ಲೈ ಅಥವಾ ಸ್ಪಿನ್ನರಿಗೆ ಸಿಕ್ಕವುಗಳಿಗಿಂತ ಹೆಚ್ಚಾಗಿ ಸಾಯುತ್ತವೆ. ಮೀನನ್ನು ತಿನ್ನಲು ಒಯ್ಯುವುದಾದರೆ, ಸ್ಥಳೀಯ ನಿಯಮವೂ ಒಪ್ಪಿದರೆ ಮಾತ್ರ ಎರೆಹುಳು ಬಳಸಿ. ಬಿಡುವ ಮೀನಿನ ಗಂಟಲಲ್ಲಿ ಕೊಕ್ಕೆ ಸಿಕ್ಕಿದ್ದರೆ ಕೀಳದೆ ದಾರವನ್ನು ಕತ್ತರಿಸಿ.

ಯಾವ ವಿಧಾನವನ್ನು ಆರಿಸಿದರೂ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಒದ್ದೆ ಕೈಯಿಂದಲೇ ಮೀನನ್ನು ಮುಟ್ಟಿ. ಸಾಮಗ್ರಿಯ ಜೊತೆಗೆ ನೀರಿನ ಥರ್ಮಾಮೀಟರೊಂದನ್ನು ಕೊಳ್ಳಿ: ಟ್ರೌಟ್ 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಚುರುಕಾಗಿ ಉಣ್ಣುತ್ತದೆ, ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, 20 ಡಿಗ್ರಿ ದಾಟಿದ ಮೇಲೆ ಹೋರಾಡಿ ದಣಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ಪಾದರಸ ಅಲ್ಲಿಗೆ ಏರಿದ ದಿನ ಗಾಳ ಹಾಕಬೇಡಿ.