ಗೋಡಂಬಿ ಹಾಕಿಲ್ಲ ಅಂದಮಾತ್ರಕ್ಕೆ ಅದು ‘ನಟ್‌ ಫ್ರೀ’ ಅಲ್ಲ

ಪ್ರಶ್ನೆ: ಮಗಳು ಸೆಕೆಂಡ್ ಗ್ರೇಡ್, ಕ್ಲಾಸಿನಲ್ಲಿ 22 ಮಕ್ಕಳು. ವ್ಯಾಲೆಂಟೈನ್ಸ್ ಡೇ ಪಾರ್ಟಿಗೆ ಅಂಗಡಿ ಚಾಕೊಲೇಟ್ ಬೇಡ, ಮನೆಯಲ್ಲೇ ರವೆ ಉಂಡೆ ಮಾಡಿ ಹಾರ್ಟ್ ಆಕಾರ ಕೊಟ್ಟು ಕಳಿಸೋಣ ಅಂತಿದ್ದೇನೆ. ನಟ್ಸ್ ಇರಬಾರದು ಎಂದು ಟೀಚರ್ ಬರೆದಿದ್ದಾರೆ. ಗೋಡಂಬಿ, ಬಾದಾಮಿ ಏನೂ ಹಾಕದೆ ಮಾಡಿದರೆ ಆಯಿತಲ್ಲವೇ?

ಸಂಕ್ರಾಂತಿ ಮುಗಿದು ಎರಡು ವಾರವಾಗುವಷ್ಟರಲ್ಲಿ ಅಮೆರಿಕದ ನಮ್ಮ ಕನ್ನಡದ ಅಮ್ಮಂದಿರಿಂದ ಈ ಪ್ರಶ್ನೆ ಶುರುವಾಗುತ್ತದೆ. ಒಬ್ಬರದು ರವೆ ಉಂಡೆ, ಇನ್ನೊಬ್ಬರದು ಕೊಬ್ಬರಿ ಮಿಠಾಯಿ, ಮತ್ತೊಬ್ಬರದು ಮೈಸೂರು ಪಾಕು. ತಿಂಡಿ ಬೇರೆ ಬೇರೆ, ಕೊನೆಯ ಮಾತು ಮಾತ್ರ ಎಲ್ಲರದೂ ಒಂದೇ: ‘ನಟ್ಸ್ ಹಾಕಿಲ್ಲವಲ್ಲ, ಇನ್ನೇನು?’ ಎಷ್ಟು ಸಲ ಹೇಳಿದರೂ ಇದೊಂದು ನಂಬಿಕೆ ಅಲುಗಾಡುತ್ತಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಮೊದಲು ಚಿಕ್ಕ ಉತ್ತರ. ಟೀಚರನ್ನು ಕೇಳಿ. ‘ನಟ್ಸ್ ಬೇಡ ತಾನೇ?’ ಎಂದಲ್ಲ, ‘ಮನೆಯಲ್ಲಿ ಮಾಡಿದ ತಿಂಡಿ ತರಬಹುದಾ?’ ಎಂದು ಕೇಳಿ. ಎಷ್ಟೋ ಶಾಲೆಗಳು ಅಂಗಡಿಯ ಸೀಲ್ ಒಡೆಯದ, ಸಾಮಗ್ರಿ ಪಟ್ಟಿ ಅಚ್ಚಾದ ಪ್ಯಾಕೆಟ್ ಮಾತ್ರ ಒಳಗೆ ಬಿಡುತ್ತವೆ. ಕ್ಲಾಸ್ ಪಾರ್ಟಿಗೆ ಏನು ತರಬಹುದು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ವೆಲ್‌ನೆಸ್ ಪಾಲಿಸಿ. ಪಕ್ಕದ ಊರಿನಲ್ಲಿರುವ ನಿಮ್ಮ ಗೆಳತಿಯ ಮಗನ ಶಾಲೆಯಲ್ಲಿ ನಡೆದದ್ದು ನಿಮ್ಮಲ್ಲಿ ನಡೆಯಬೇಕೆಂದಿಲ್ಲ. ಬೇಡ ಎಂದರೆ ಬೇಡ. 22 ಪೆನ್ಸಿಲ್‌ಗೆ ಕಾರ್ಡ್ ಕಟ್ಟಿ ಕಳಿಸಿ, ಒಂದು ಮಗುವಿನ ಹೆಸರೂ ಬಿಡದ ಹಾಗೆ.

ಬೇಡ ಅನ್ನದಿದ್ದರೆ? ಅಲ್ಲಿಂದಲೇ ನನ್ನ ಮಾತು ಶುರು.

ನನ್ನ ಮಗ ಕಿಂಡರ್‌ಗಾರ್ಟನ್‌ನಲ್ಲಿದ್ದಾಗ ನಾನೂ ರವೆ ಉಂಡೆಯನ್ನೇ ಕಳಿಸಿದ್ದೆ. ಗೋಡಂಬಿ ಬಿಟ್ಟು, ದ್ರಾಕ್ಷಿ ಮಾತ್ರ ಹಾಕಿ, ಡಬ್ಬಿಯ ಮೇಲೆ ‘ನಟ್‌ ಫ್ರೀ’ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೆ. ಸಂಜೆ ಡಬ್ಬಿ ಹಾಗೇ ವಾಪಸ್ ಬಂತು. ‘ಮನೆಯಲ್ಲಿ ಇದೇ ಪಾತ್ರೆಯಲ್ಲಿ ಕಡಲೇಕಾಯಿ ಬಳಸುತ್ತೀರಾ?’ ಎಂದು ಟೀಚರ್ ಒಂದೇ ಸಾಲು ಬರೆದಿದ್ದರು. ಅವತ್ತು ನನಗೆ ಸಿಟ್ಟು ಬಂದಿತ್ತು. ರಾತ್ರಿ ಪಾತ್ರೆ ತೊಳೆಯುವಾಗ, ಆ ಸಾಲು ತಲೆಯಲ್ಲಿ ಕೊರೆಯುತ್ತಿತ್ತಲ್ಲ, ಸಕ್ಕರೆ ಪುಡಿ ಮಾಡಿದ ಮಿಕ್ಸಿ ಜಾರನ್ನು ಎತ್ತಿ ನೋಡಿದೆ. ತೊಳೆದ ಜಾರೇ. ಮುಚ್ಚಳದ ರಬ್ಬರ್ ವಾಷರನ್ನು ಉಗುರಿನಿಂದ ಎಬ್ಬಿಸಿದೆ. ಅದರ ಕೆಳಗೆ, ಸುತ್ತಲೂ ಒಂದು ಎಳೆಯಂತೆ, ಹಳದಿ ಮಿಶ್ರಿತ ಕಂದು ಬಣ್ಣದ ಹಿಟ್ಟು ಮೆತ್ತಿಕೊಂಡಿತ್ತು. ಮೂಸಿದೆ. ಹಿಂದಿನ ವಾರದ ಶೇಂಗಾ ಚಟ್ನಿಪುಡಿ.

ನಮ್ಮ ಅಡುಗೆಮನೆಯಲ್ಲಿ ಕಡಲೇಕಾಯಿ ಎಂಬುದು ‘ಹಾಕುವ’ ವಸ್ತುವಲ್ಲ, ಎಲ್ಲೆಲ್ಲೂ ಇರುವ ವಸ್ತು. ಚಿತ್ರಾನ್ನದ ಒಗ್ಗರಣೆಯಲ್ಲಿ, ಅವಲಕ್ಕಿಯಲ್ಲಿ, ಚಟ್ನಿಯಲ್ಲಿ, ಬದನೆಕಾಯಿ ಎಣ್ಣೆಗಾಯಿಯಲ್ಲಿ. ಒಗ್ಗರಣೆ ಸೌಟು, ಮರದ ಸೌಟಿನ ಬಿರುಕು, ರವೆ ಹುರಿಯುವ ಅದೇ ಬಾಣಲೆ, ಒಮ್ಮೆ ಕರಿದು ಎತ್ತಿಟ್ಟ ಎಣ್ಣೆ, ಎಲ್ಲದರಲ್ಲೂ ಅದರ ಅಂಶ ಇರುತ್ತದೆ. ಒಂದು ಕಡಲೇಕಾಯಿ ಬೀಜದಲ್ಲಿ ಸುಮಾರು 250 ಮಿಲಿಗ್ರಾಂ ಪ್ರೋಟೀನ್ ಇದೆ. ಅಲರ್ಜಿ ತೀವ್ರವಾಗಿರುವ ಕೆಲವು ಮಕ್ಕಳಿಗೆ ಕೆಲವೇ ಮಿಲಿಗ್ರಾಂ ಸಾಕು. ಅಂದರೆ ಬೀಜದ ನೂರನೇ ಒಂದು ಪಾಲು. ಆ ವಾಷರಿನ ಕೆಳಗೆ ಅದಕ್ಕಿಂತ ಹೆಚ್ಚೇ ಇತ್ತು.

‘ಹುರಿದರೆ, ಬೇಯಿಸಿದರೆ ಹೋಗಿಬಿಡುತ್ತೆ’ ಎನ್ನುವವರಿದ್ದಾರೆ. ಹೋಗುವುದಿಲ್ಲ. ಕಡಲೇಕಾಯಿಯ ಪ್ರೋಟೀನುಗಳು ಬಿಸಿಗೆ ಜಗ್ಗುವುದಿಲ್ಲ; ಒಣ ಹುರಿದಾಗ ಅಲರ್ಜಿಯ ಪ್ರತಿಕಾಯಗಳಿಗೆ (ಆಂಟಿಬಾಡಿ) ಅವು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಈ ತಪ್ಪು ಕಲ್ಪನೆ ಬಂದದ್ದು ಬಹುಶಃ ಮೊಟ್ಟೆ, ಹಾಲಿನ ವಿಷಯದಿಂದ. ಅವುಗಳ ಅಲರ್ಜಿ ಇರುವ ಎಷ್ಟೋ ಮಕ್ಕಳಿಗೆ ಚೆನ್ನಾಗಿ ಬೆಂದ ಕೇಕಿನಲ್ಲಿರುವ ಮೊಟ್ಟೆ, ಹಾಲು ಒಗ್ಗುತ್ತದೆ. ಅದನ್ನು ತಂದು ಕಡಲೇಕಾಯಿಗೆ ಅಂಟಿಸಬೇಡಿ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡೆ ಎನ್ನುವುದೂ ಲೆಕ್ಕಕ್ಕಿಲ್ಲ. ಸ್ಯಾನಿಟೈಸರ್ ರೋಗಾಣು ಕೊಲ್ಲುತ್ತದೆ, ಪ್ರೋಟೀನನ್ನು ಕೈಯಿಂದ ಎಬ್ಬಿಸುವುದಿಲ್ಲ. ಬರೀ ನೀರೂ ಅಷ್ಟೇ. ಸೋಪು ಬೇಕು.

ಇನ್ನು ‘ನಟ್ಸ್’ ಎಂಬ ಪದದ ಮೇಲೇ ಕಣ್ಣಿಟ್ಟು ಕೂತರೆ ಉಳಿದದ್ದು ಕಾಣುವುದಿಲ್ಲ. ಅಮೆರಿಕದ ಕಾನೂನು ಮುಖ್ಯ ಅಲರ್ಜಿ ಪದಾರ್ಥ ಎಂದು ಪಟ್ಟಿ ಮಾಡಿರುವುದು ಒಂಬತ್ತು: ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥವು, ಗೋಡಂಬಿ-ಬಾದಾಮಿಯಂಥ ಮರದ ಬೀಜಗಳು, ಕಡಲೇಕಾಯಿ, ಗೋಧಿ, ಸೋಯಾ, ಎಳ್ಳು. ಎಂಟು ಪದಾರ್ಥದ ಕಾನೂನು 2004ರದು. ಎಳ್ಳು ಸೇರಿದ್ದು 2021ರ ಕಾನೂನಿನಿಂದ, ಲೇಬಲ್ ಮೇಲೆ ಕಡ್ಡಾಯವಾದದ್ದು 2023ರ ಜನವರಿ 1ರಿಂದ. ನಿಮ್ಮ ರವೆ ಉಂಡೆಯನ್ನು ಈ ಪಟ್ಟಿಯ ಎದುರು ಇಟ್ಟು ನೋಡಿ. ರವೆ ಎಂದರೆ ಗೋಧಿ. ತುಪ್ಪ ಎಂದರೆ ಹಾಲು. ಎಷ್ಟು ಕಾಯಿಸಿ ಸೋಸಿದರೂ ಹಾಲಿನ ಪ್ರೋಟೀನಿನ ಅಂಶ ಉಳಿಯಬಹುದು. ಮೈಸೂರು ಪಾಕಿಗೂ ತುಪ್ಪದ್ದೇ ತೊಂದರೆ. ಕೊಬ್ಬರಿ ಮಿಠಾಯಿಯವರಿಗೆ ಅರ್ಧ ಸಮಾಧಾನವಿದೆ: 2025ರ ಜನವರಿಯಲ್ಲಿ ಇಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತೆಂಗಿನಕಾಯಿಯನ್ನು ಮರದ ಬೀಜಗಳ ಪಟ್ಟಿಯಿಂದ ಕೈಬಿಟ್ಟಿತು. ಆದರೂ ತೆಂಗಿಗೇ ಅಲರ್ಜಿ ಇರುವ ಮಗು ಅಪರೂಪಕ್ಕೆ ಇರುತ್ತದೆ, ಹೇಳದೆ ಕಳಿಸಬೇಡಿ.

ಇಷ್ಟಕ್ಕೆಲ್ಲ ‘ಅತಿಯಾಯ್ತು’ ಎನ್ನುವವರಿಗೆ ನಾನು ಕೇಳುವುದು ಒಂದೇ. ಪಾರ್ಟಿಯಲ್ಲಿ ನಿಮ್ಮ ಮಗುವಿನ ಕೈಗೆ ಮಾರ್ಷ್‌ಮ್ಯಾಲೋ ಕೊಟ್ಟಾಗ, ಅದರಲ್ಲಿ ಜೆಲಟಿನ್ ಇದೆ, ಅದು ಪ್ರಾಣಿಯ ಚರ್ಮ-ಮೂಳೆಯಿಂದ ಬಂದದ್ದು, ನಮ್ಮ ಮಗು ತಿನ್ನುವುದಿಲ್ಲ ಎಂದು ನೀವೇ ಟೀಚರಿಗೆ ಬರೆದು ಕಳಿಸುತ್ತೀರಿ. ಅವರು ಪಾಪ ಪ್ರತಿ ಪ್ಯಾಕೆಟ್ಟಿನ ಹಿಂಬದಿ ಓದುತ್ತಾರೆ. ನಿಮ್ಮದು ಆಚಾರದ ಮಾತು, ಅದನ್ನೂ ಅವರು ಗೌರವಿಸುತ್ತಾರೆ. ಪಕ್ಕದ ಮೇಜಿನ ಮಗುವಿನದು ಉಸಿರಿನ ಮಾತು. ಇಲ್ಲಿ 13 ಮಕ್ಕಳಲ್ಲಿ ಒಬ್ಬರಿಗೆ ಆಹಾರದ ಅಲರ್ಜಿ ಎಂಬ ಲೆಕ್ಕವಿದೆ. 22 ಮಕ್ಕಳ ಕ್ಲಾಸಿನಲ್ಲಿ ಒಬ್ಬರೋ ಇಬ್ಬರೋ ಇರುವ ಸಂಭವವೇ ಹೆಚ್ಚು.

ಹಾಗಾದರೆ ಏನು ಮಾಡಬೇಕು? ಪುರಿ ಉಂಡೆ ಮಾಡಿ. ಮಂಡಕ್ಕಿ ಉಂಡೆ ಎನ್ನಿ, ಚುರುಮುರಿ ಉಂಡೆ ಎನ್ನಿ. ಅಕ್ಕಿ, ಬೆಲ್ಲ, ನೀರು, ಅಷ್ಟೇ. ಆ ಒಂಬತ್ತರಲ್ಲಿ ಒಂದೂ ಇಲ್ಲ. ಅಮೆರಿಕದವರು 1939ರಲ್ಲಿ ಕೆಲಾಗ್ಸ್ ಅಡುಗೆಮನೆಯಲ್ಲಿ ಹುರಿಯಕ್ಕಿಗೆ ಮಾರ್ಷ್‌ಮ್ಯಾಲೋ, ಬೆಣ್ಣೆ ಕಲಸಿ ರೈಸ್ ಕ್ರಿಸ್ಪೀಸ್ ಟ್ರೀಟ್ ಮಾಡಿದರು; ಇವತ್ತಿಗೂ ಶಾಲೆಯ ಪಾರ್ಟಿಗಳಲ್ಲಿ ಅದಕ್ಕೆ ತುಂಬಾ ಬೇಡಿಕೆ. ನಮ್ಮ ಜಾತ್ರೆಯ ಪುರಿ ಉಂಡೆ ಅದಕ್ಕೆ ಯಾವುದರಲ್ಲೂ ಕಡಿಮೆಯಿಲ್ಲ, ಬೆಣ್ಣೆಯೂ ಬೇಡ, ಜೆಲಟಿನ್ನೂ ಬೇಡ. ಮಕ್ಕಳು ಕರುಂ ಎಂದು ಕಚ್ಚುವುದನ್ನು ನೋಡಿ ನನಗೆ ಹೆಮ್ಮೆಯಾಗಿದೆ.

8 ಕಪ್ ಪುರಿಗೆ ಒಂದೂವರೆ ಕಪ್ ಬೆಲ್ಲ, ಕಾಲು ಕಪ್ ನೀರು. ಬೆಲ್ಲ ಕರಗಿದ ಮೇಲೆ ಸೋಸಿ, ಮತ್ತೆ ಕುದಿಸಿ. ಒಂದು ಹನಿ ತಣ್ಣೀರಿಗೆ ಬಿಟ್ಟು ಎತ್ತಿ ಉಂಡೆ ಕಟ್ಟಿ, ತಟ್ಟೆಗೆ ಕುಟ್ಟಿದರೆ ಟಣ್ ಎನ್ನಬೇಕು. ಮೆತ್ತಗಿದ್ದರೆ ಇನ್ನೊಂದು ನಿಮಿಷ. ಒಲೆ ಆರಿಸಿ, ಪುರಿ ಸುರಿದು, ಬೇಗ ಬೇಗ ಕಲಸಿ, ಕೈಗೆ ನೀರು ಮುಟ್ಟಿಸಿಕೊಂಡು ಹಾರ್ಟ್ ಆಕಾರದ ಕುಕಿ ಕಟ್ಟರಿನಲ್ಲಿ ಒತ್ತಿ ತೆಗೆಯಿರಿ. ಪಾಕದ ಹತ್ತಿರ ಮಗುವನ್ನು ಬಿಡಬೇಡಿ, ಅದು ಮೈಗೆ ಅಂಟಿಕೊಂಡು ಕೆಟ್ಟದಾಗಿ ಸುಡುತ್ತದೆ.

ಎರಡು ಕಡೆ ಎಚ್ಚರ. ಇಂಡಿಯನ್ ಸ್ಟೋರಿನ ಮಮ್ರಾ (ಅಂದರೆ ನಮ್ಮ ಪುರಿ) ಪ್ಯಾಕೆಟ್ ಹಿಂಬದಿ ಓದಿ. ಕಡಲೇಕಾಯಿ, ಎಳ್ಳು ಪ್ಯಾಕ್ ಮಾಡುವ ಜಾಗದಲ್ಲೇ ಪ್ಯಾಕ್ ಆಗಿದೆ ಎಂದಿದ್ದರೆ ಬೇಡ. ಆ ಎಚ್ಚರಿಕೆ ಹಾಕಲೇಬೇಕೆಂಬ ಕಾನೂನಿಲ್ಲ, ಹಾಗಾಗಿ ಇಲ್ಲದಿದ್ದರೂ ಕಂಪನಿಗೆ ಒಂದು ಫೋನ್ ಮಾಡಿ. ಎರಡನೆಯದು ಬೆಲ್ಲ. ಸಂಕ್ರಾಂತಿಗೆ ಎಳ್ಳು-ಬೆಲ್ಲಕ್ಕೆಂದು ಹೆಚ್ಚಿ ಉಳಿದ ಬೆಲ್ಲ ಡಬ್ಬಿಯಲ್ಲಿದೆಯಲ್ಲ, ಅದನ್ನು ಮುಟ್ಟಬೇಡಿ. ಎಳ್ಳು, ಕಡಲೇಕಾಯಿ ಮುಟ್ಟಿದ ಕೈಯಲ್ಲೇ ಅದನ್ನೂ ಮುಟ್ಟಿರುತ್ತೀರಿ. ಹೊಸ ಅಚ್ಚು ಒಡೆಯಿರಿ. ಸ್ಟೀಲ್ ಪಾತ್ರೆ, ಸ್ಟೀಲ್ ಸೌಟು, ಸೋಪಿನಲ್ಲಿ ತಿಕ್ಕಿ ತೊಳೆದದ್ದು. ಮಿಕ್ಸಿ ಬೇಕಾಗಿಲ್ಲ, ಮರದ ಸೌಟು ಬೇಡ. ಡಬ್ಬಿಯ ಮೇಲೆ ‘ನಟ್‌ ಫ್ರೀ’ ಎಂದು ಬರೆಯಬೇಡಿ. ಹಾಕಿದ್ದೇನು, ಮನೆಯಲ್ಲಿ ಕಡಲೇಕಾಯಿ, ಎಳ್ಳು ಬಳಸುತ್ತೇವೆ ಎಂಬುದನ್ನು ಬರೆಯಿರಿ. ಕೊಡಬೇಕೋ ಬೇಡವೋ ಎಂದು ಟೀಚರ್, ಸ್ಕೂಲ್ ನರ್ಸ್ ತೀರ್ಮಾನಿಸಲಿ.

ಇದನ್ನೆಲ್ಲ ಹೇಳಿದಾಗ ಊರಿಂದ ಅತ್ತೆಯವರು ಫೋನಿನಲ್ಲಿ ಹೇಳುವ ಮಾತು: ‘ನಮ್ಮ ಕಾಲದಲ್ಲಿ ಯಾರಿಗಿತ್ತಮ್ಮ ಈ ಅಲರ್ಜಿ?’ ಯಾರೂ ನನ್ನನ್ನು ನೇರವಾಗಿ ಕೇಳಿಲ್ಲ, ಆದರೂ ಹೇಳಬೇಕು. ಅವರ ಮಾತಿನಲ್ಲಿ ಹುರುಳಿದೆ. ಬೆಂಗಳೂರು-ಮೈಸೂರು ಕಡೆಯ ದೊಡ್ಡವರನ್ನು ಪರೀಕ್ಷಿಸಿದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸುಮಾರು ಕಾಲುಭಾಗ ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡಿತು, ಆದರೆ ನಿಜವಾಗಿ ಅಲರ್ಜಿ ಇರಬಹುದಾದವರು ನೂರಕ್ಕೆ ಒಬ್ಬರ ಆಸುಪಾಸು. ಇಲ್ಲಿನ ಮಕ್ಕಳಲ್ಲಿ ಕಡಲೇಕಾಯಿ ಅಲರ್ಜಿ ಒಂದೇ ನೂರಕ್ಕೆ ಇಬ್ಬರಿಗಿದೆ.

ಕಾರಣ ಒಂದೇ ಎಂದು ಹೇಳಲಾಗದು, ಆದರೆ ಒಂದು ಎಳೆ ಸ್ಪಷ್ಟವಾಗಿ ಸಿಕ್ಕಿದೆ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಲರ್ಜಿ ಬರುವ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೇಕಾಯಿ ಕೊಡಬೇಡಿ ಎಂದಿತ್ತು. 2008ರಲ್ಲಿ ಆ ಸಲಹೆಯನ್ನು ಹಿಂತೆಗೆದುಕೊಂಡಿತು. 2015ರಲ್ಲಿ ಲಂಡನ್ನಿನ ‘ಲೀಪ್’ ಅಧ್ಯಯನದ ಫಲಿತಾಂಶ ಬಂತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ವರ್ಷ ತುಂಬುವ ಮೊದಲಿಂದಲೇ ಕಡಲೇಕಾಯಿ ತಿನ್ನಿಸಿದರು, ಉಳಿದವಕ್ಕೆ ಐದು ವರ್ಷದವರೆಗೆ ಮುಟ್ಟಿಸಲಿಲ್ಲ. ಐದನೇ ವರ್ಷದಲ್ಲಿ ತಿನ್ನದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ನೂರಕ್ಕೆ 3. ಈಗ ಕೂಸಿಗೆ ಬೇಗನೆ ಕೊಡಿ ಎಂದೇ ಸಲಹೆ. ಇಡೀ ಬೀಜವಲ್ಲ, ತೆಳ್ಳಗೆ ಅರೆದದ್ದು, ಮತ್ತು ತೀವ್ರ ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸುವ ತೊಂದರೆ) ಅಥವಾ ಮೊಟ್ಟೆ ಅಲರ್ಜಿ ಇರುವ ಕೂಸಿಗೆ ವೈದ್ಯರನ್ನು ಕೇಳಿಯೇ.

ಇದು ಕೂಸುಗಳ ಮಾತು. ಈಗಾಗಲೇ ಅಲರ್ಜಿ ಇರುವ ಮಗುವಿಗೆ ‘ಚೂರು ಚೂರು ಕೊಟ್ಟು ಅಭ್ಯಾಸ ಮಾಡಿಸಿದರೆ ಸರಿಹೋಗುತ್ತೆ’ ಎಂದು ಅತ್ತೆಯವರು ಮುಂದುವರಿಸಿದರೆ ಅಲ್ಲಿಗೆ ತಡೆಯಿರಿ. ಅಂಥ ಮಕ್ಕಳಿಗೆಂದೇ ಕಡಲೇಕಾಯಿ ಪುಡಿಯ ಒಂದು ಔಷಧಕ್ಕೆ 2020ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದರ ಮೊದಲ ಡೋಸ್ ಅರ್ಧ ಮಿಲಿಗ್ರಾಂ. ಅಷ್ಟನ್ನು ಕೂಡ ಮನೆಯಲ್ಲಿ ಕೊಡುವುದಿಲ್ಲ, ವೈದ್ಯರ ಕಣ್ಣೆದುರು ಕೂರಿಸಿಕೊಂಡು ಕೊಡುತ್ತಾರೆ.