ಟೋಬಾ ಸಿಡಿದಾಗ ಮನುಷ್ಯರು ಮುಗಿದೇ ಹೋಗುವುದರಲ್ಲಿದ್ದರಾ?

ಪ್ರಶ್ನೆ: ಸುಮಾರು 74,000 ವರ್ಷಗಳ ಹಿಂದೆ ಟೋಬಾ ಜ್ವಾಲಾಮುಖಿ ಸಿಡಿದು, ಇಡೀ ಭೂಮಿಯಲ್ಲಿ ಕೆಲವೇ ಸಾವಿರ ಜನ ಉಳಿದರಂತೆ. ನಿಜವೇ?

ಈ ಪ್ರಶ್ನೆ ಬರದ ತಿಂಗಳಿಲ್ಲ. ಪ್ರತಿ ಸಲವೂ ಜೊತೆಗೊಂದು ವಿಡಿಯೊ, ಅದರಲ್ಲಿ ಕಪ್ಪು ಆಕಾಶ, ನಡುಗುವ ತಾಯಿ-ಮಗು.

ಸಿಡಿದದ್ದು ನಿಜ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಟೋಬಾ ಸರೋವರ ಸುಮಾರು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲ ಇದೆ. ನೆಲವೇ ಕುಸಿದು ಆದ ಗುಂಡಿ ಅದು. ಬೂದಿ ನಮ್ಮ ದೇಶದವರೆಗೂ ಬಂದು ಬಿತ್ತು. ಜನ ಮುಗಿದರು ಅನ್ನುವುದು ಮಾತ್ರ ಆಮೇಲೆ ಹೆಣೆದ ಕತೆ.

ಅದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ಬಳ್ಳಾರಿಯ ಆಚೆ, ಕರ್ನೂಲು ಸೀಮೆಯಲ್ಲಿ ಜ್ವಾಲಾಪುರಂ ಅಂತ ಊರಿದೆ. ಹೆಸರು ನೋಡಿ ನಗಬೇಡಿ, ಕಾಕತಾಳೀಯ! ಅಲ್ಲಿ ಟೋಬಾ ಬೂದಿ ಎರಡು ಮೀಟರಿಗೂ ಜಾಸ್ತಿ ದಪ್ಪ ಇದೆ. ಅಷ್ಟೂ ಆಕಾಶದಿಂದ ಉದುರಿದ್ದಲ್ಲ. ಬಿದ್ದದ್ದು ಕೆಲವೇ ಸೆಂಟಿಮೀಟರ್, ಉಳಿದದ್ದು ಮಳೆನೀರು ಗುಡ್ಡದಿಂದ ತೊಳೆದು ತಂದದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಜೊತೆಗಾರರು ಅಲ್ಲಿ ಅಗೆದು 2007ರಲ್ಲಿ ವರದಿ ಪ್ರಕಟಿಸಿದರು. ಬೂದಿಯ ಕೆಳಗೆ ಕಲ್ಲಿನ ಉಪಕರಣಗಳು, ಬೂದಿಯ ಮೇಲೂ ಹೆಚ್ಚುಕಮ್ಮಿ ಅದೇ ಬಗೆಯವು. ಎಲ್ಲರೂ ಸತ್ತಿದ್ದರೆ ಮೇಲಿನವನ್ನು ಮಾಡಿದ್ದು ಯಾರು? ಧಾರವಾಡದವರು ಕೈ ಹಾಕಿದ ಕೆಲಸ ಅಂತ ನನಗೆ ಸ್ವಲ್ಪ ಹೆಮ್ಮೆಯೂ ಇದೆ, ಇರಲಿ.

ಆಫ್ರಿಕಾದಲ್ಲೂ ಅಷ್ಟೇ. ಮಲಾವಿ ಸರೋವರದ ತಳದ ಕೆಸರಿನಲ್ಲಿ ಟೋಬಾ ಬೂದಿ ಸಿಕ್ಕಿದೆ. ಸಿಡಿತದ ಹೊಗೆ-ಬೂದಿ ಬಿಸಿಲು ತಡೆದು ಭಾರಿ ಚಳಿ ಬಿತ್ತು, ಜನ ಅದರಿಂದಲೇ ಸತ್ತರು ಅನ್ನುವುದು ಆ ಕತೆ. ಆದರೆ ಆ ಪದರದ ಆಸುಪಾಸಿನಲ್ಲಿ ಅಂಥ ಚಳಿ ಬಿದ್ದ ಗುರುತಿಲ್ಲ. ದಕ್ಷಿಣ ಆಫ್ರಿಕಾದ ಕಡಲಂಚಿನ ಪಿನಾಕಲ್ ಪಾಯಿಂಟ್‌ನಲ್ಲಿ ಜನ ಆಗಲೂ ಇದ್ದರು, ಆಮೇಲೂ ಇದ್ದರು.

ಹಾಗಾದರೆ ‘ಕೆಲವೇ ಸಾವಿರ’ ಎಲ್ಲಿಂದ ಬಂತು? ವಂಶವಾಹಿ ಲೆಕ್ಕದಿಂದ. ಆ ಲೆಕ್ಕದಲ್ಲಿ ನಮ್ಮ ಪೂರ್ವಜರು ಸುಮಾರು 10,000 ಅಂತ ಬರುತ್ತದೆ. ಅದು ತಲೆ ಎಣಿಕೆ ಅಲ್ಲ, ಎಷ್ಟು ಸಲ ಹೇಳಲಿ! ನಮ್ಮೊಳಗೆ ಈಗಿರುವಷ್ಟು ವೈವಿಧ್ಯ ಬರಲು ಎಷ್ಟು ಮಂದಿ ಸಾಕಾಗುತ್ತಿತ್ತು ಅನ್ನುವ ಅಂದಾಜು ಅದು. ನಿಜವಾಗಿ ಇದ್ದವರು ಅದಕ್ಕಿಂತ ಜಾಸ್ತಿಯೇ ಇರುತ್ತಾರೆ. ಆಫ್ರಿಕಾದಿಂದ ಹೊರಟ ಗುಂಪುಗಳು ಚಿಕ್ಕವು. ದೂರ ಹೋದಷ್ಟೂ ವೈವಿಧ್ಯ ಕಮ್ಮಿಯಾಗುತ್ತಾ ಹೋಯಿತು. ಇದಕ್ಕೆ ಜ್ವಾಲಾಮುಖಿ ಬೇಕಿಲ್ಲ. 1990ರ ದಶಕದಲ್ಲಿ ಎರಡನ್ನೂ ಗಂಟು ಹಾಕಿದರು, ಗಂಟು ಇನ್ನೂ ಬಿಚ್ಚಿಲ್ಲ.

ಏನೂ ಆಗಲೇ ಇಲ್ಲ ಅಂತಲ್ಲ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಥಿಯೋಪಿಯಾದ ಶಿಂಫಾ-ಮೆಟೆಮಾ ಎಂಬಲ್ಲಿ ಟೋಬಾ ನಂತರ ಒಣಹವೆ ಹೆಚ್ಚಿತು ಅಂತ 2024ರ ಒಂದು ಅಧ್ಯಯನ ಹೇಳುತ್ತದೆ. ಆಗ ಅಲ್ಲಿನವರ ಊಟದಲ್ಲಿ ಮೀನು ಜಾಸ್ತಿಯಾಯಿತು. ಹೊಳೆ ಬತ್ತಿ ಮಡುಗಳಷ್ಟೇ ಉಳಿದರೆ ಮೀನು ಹಿಡಿಯುವುದು ಸುಲಭ, ನಮ್ಮ ಹಳ್ಳಿ ಹುಡುಗರಿಗೂ ಬೇಸಿಗೆಯಲ್ಲಿ ಇದು ಗೊತ್ತು, ಅಲ್ವಾ? ಒಂದು ಮಡು ಖಾಲಿಯಾದರೆ ಮುಂದಿನದಕ್ಕೆ. ಹೀಗೆ ಹೊಳೆಗುಂಟ ಸರಿಯುತ್ತಲೇ ಜನ ಆಫ್ರಿಕಾದ ಹೊರಗೆ ಬಂದಿರಬಹುದು ಅನ್ನುವುದು ಆ ಸಂಶೋಧಕರ ವಾದ.